ಸ್ವಲ್ಪ ಹಿಂದೆ ಸರೀರಿ

ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿತ್ತಲ ಬಾಗಿಲು ಹಾಕಿರಬೇಕು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದಲ್ಲ, ಅದಕ್ಕೆ. ನಮ್ಮತ್ತೆಯವರ ಕಾಲದಲ್ಲಿ ಈ ನಿಯಮಕ್ಕೆ ತಿದ್ದುಪಡಿ ಇರಲಿಲ್ಲ. ತೊಂದರೆ ಏನೆಂದರೆ ಸೊಳ್ಳೆಗಳಿಗೂ ಈ ಶಾಸ್ತ್ರ ಗೊತ್ತು. ಲಕ್ಷ್ಮಿ ಯಾವತ್ತು ನಮ್ಮ ಮನೆಗೆ ಬಂದಳು, ಯಾವತ್ತು ಪಕ್ಕದ ಮನೆಗೆ ಹೋದಳು ಎಂಬುದಕ್ಕೆ ಪುರಾವೆ ಇಲ್ಲ. ಸೊಳ್ಳೆ ಮಾತ್ರ ಒಂದು ಸಂಜೆಯೂ ತಪ್ಪಿಸಿದ್ದಿಲ್ಲ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಮಳೆನೀರಿನ ಚರಂಡಿ ಮನೆಯ ಹಿಂದೆಯೇ ಹಾದುಹೋಗುತ್ತದೆ. ಹಾಗಾಗಿ ಅವು ದೂರದಿಂದ ಬರಬೇಕಾಗಿಯೂ ಇರಲಿಲ್ಲ.

ನನ್ನ ತವರು ಮಲೆನಾಡು. ಅಲ್ಲಿ ಸಂಜೆಯಾದರೆ ಕೊಟ್ಟಿಗೆಯಲ್ಲಿ ಅಡಿಕೆ ಸಿಪ್ಪೆ, ಲಕ್ಕಿ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದರು. ದನಕ್ಕೂ ಮನುಷ್ಯರಿಗೂ ಸೊಳ್ಳೆಗೂ ಭೇದವಿಲ್ಲದೆ ಕಣ್ಣುರಿ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಕಾಯಿಲ್ ನೋಡಿದೆ, ಆಮೇಲೆ ನೀಲಿ ಬಿಲ್ಲೆ ಇಡುವ ಯಂತ್ರ, ಆಮೇಲೆ ದ್ರವದ ಬಾಟಲಿ, ಕೊನೆಗೆ ಚಟ್ ಚಟ್ ಎನ್ನುವ ಬ್ಯಾಟು. ಬ್ಯಾಟು ಬಂದ ಮೇಲೆ ನಮ್ಮ ಮನೆಯವರು ಆಡಿದಷ್ಟು ಆಟವನ್ನು ಕಾಲೇಜಿನಲ್ಲೂ ಆಡಿರಲಿಲ್ಲ. ಆದರೆ ಅತ್ತೆಯ ಶಾಸ್ತ್ರಕ್ಕೂ ನಮ್ಮ ಚರ್ಮಕ್ಕೂ ರಾಜಿಯಾದದ್ದು ಜಾಲರಿ ಬಾಗಿಲಿನಿಂದ. ಮುಂಬಾಗಿಲು ತೆರೆದೇ ಇರುತ್ತದೆ; ಹೊಸಿಲಿನ ಹೊರಮಗ್ಗುಲಿಗೆ ಇನ್ನೊಂದು ಬಾಗಿಲು.

“ಇದೂ ಬಾಗಿಲು ಹಾಕಿದ ಹಾಗೇ ಆಗಲ್ವಾ ಅಮ್ಮಾ?” ಎಂದು ನಾನೇ ಕೆದಕಿದೆ. ಅತ್ತೆ ಜಾಲರಿಯ ಹತ್ತಿರ ಕನ್ನಡಕ ಒಯ್ದು ನೋಡಿದರು. “ತೂತಿದೆಯಲ್ಲೇ. ಬರೋಳಿಗೆ ಅಷ್ಟು ಸಾಕು” ಎಂದುಬಿಟ್ಟರು.

ಅದನ್ನು ಮಾಡಿಕೊಟ್ಟವರು ಬೀದಿಯ ತುದಿಯಲ್ಲಿ ಶೆಡ್ ಹಾಕಿಕೊಂಡಿದ್ದ ಆಚಾರ್ರು. ಏಳಡಿ ಎತ್ತರ, ಮೂರಡಿ ಅಗಲ, ಹೊನ್ನೆ ಮರದ ಚೌಕಟ್ಟು, ಮೇಲಿನ ಎರಡು ಪಾಲು ತಂತಿ ಜಾಲರಿ, ಕೆಳಗಿನ ಒಂದು ಪಾಲು ಹಲಗೆ. ನಮ್ಮ ಮನೆಯವರಿಗೆ ಹಲಗೆ ಇಷ್ಟವಾಗಲಿಲ್ಲ. ಪೂರ್ತಿ ಜಾಲರಿಯಿದ್ದರೆ ಗಾಳಿ ಇನ್ನೂ ಚೆನ್ನಾಗಿ ಬರುತ್ತದಲ್ಲ ಎಂದು ವಾದಿಸಿದರು. ಆಚಾರ್ರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕೆಳಗಿಟ್ಟರು. ಅವರು ಪೆನ್ಸಿಲ್ ಕೆಳಗಿಟ್ಟರೆ ಚರ್ಚೆ ಮುಗಿಯಿತು ಎಂದು ಅರ್ಥ. “ಸ್ವಾಮಿ, ಬಾಗಿಲನ್ನ ಕೈಯಲ್ಲಿ ತೆಗೆಯೋರು ಎಷ್ಟು ಜನ? ಮಕ್ಕಳು ಕಾಲಲ್ಲಿ ಒದೀತಾವೆ, ದೊಡ್ಡೋರು ಮೊಣಕಾಲಲ್ಲಿ ತಳ್ತಾರೆ. ಬೆಕ್ಕು ಕೆರೆಯುತ್ತೆ. ಗಾಳಿ ಬೇಕಿದ್ರೆ ಮೇಲಿಂದ ತಗೊಳ್ಳಿ.” ಅವರ ಮಾತು ಎಷ್ಟು ನಿಜವೆಂದು ಮುಂದೆ ಪಕ್ಕದ ಮನೆಯವರ ಬಾಗಿಲು ಸಾಕ್ಷಿ ಹೇಳಿತು. ಅವರು ಪೂರ್ತಿ ಜಾಲರಿ ಹಾಕಿಸಿದ್ದರು. ಒಂದು ಮಳೆಗಾಲ ಕಳೆಯುವುದರೊಳಗೆ ಕೆಳಭಾಗ ಕಿತ್ತುಬಂದು ಅವರ ಬೆಕ್ಕಿಗೆ ಖಾಸಗಿ ದ್ವಾರವಾಗಿತ್ತು.

ಮುಂಬಾಗಿಲು ಒಳಕ್ಕೆ ತೆರೆಯುತ್ತದೆ, ಜಾಲರಿ ಬಾಗಿಲು ಹೊರಕ್ಕೆ. ಇದು ಕಟ್ಟಡಶಾಸ್ತ್ರದ ಅನಿವಾರ್ಯ. ಪರಿಣಾಮ ಮಾತ್ರ ಸಾಮಾಜಿಕ. ಬಂದ ನೆಂಟರು ಬಾಗಿಲಿಗೆ ಮೂಗು ತಾಗಿಸಿಯೇ ನಿಂತಿರುತ್ತಾರೆ, ಹಣ್ಣಿನ ಚೀಲ ಹಿಡಿದು, ನಗುತ್ತಾ. “ಬನ್ನಿ ಬನ್ನಿ” ಎನ್ನುವ ಮೊದಲು “ಸ್ವಲ್ಪ ಹಿಂದೆ ಸರೀರಿ” ಎನ್ನಬೇಕು. ಅವರು ಸರಿಯುತ್ತಾರೆ, ಮೆಟ್ಟಿಲಿದೆ ಎಂಬುದು ಆಮೇಲೆ ನೆನಪಾಗುತ್ತದೆ. ನನ್ನ ನಾದಿನಿಯ ಗಂಡನಾಗುವವರು ಹೆಣ್ಣು ನೋಡಲು ಬಂದ ದಿನ ಹೀಗೇ ಹಿಂದೆ ಸರಿದು ತುಳಸಿಕಟ್ಟೆಯನ್ನು ಅಪ್ಪಿಕೊಂಡಿದ್ದರು. ಹುಡುಗನಿಗೆ ದೈವಭಕ್ತಿ ಇದೆ ಎಂದು ಅತ್ತೆ ಆಗಲೇ ಒಪ್ಪಿದರು.

ಜಾಲರಿಗೆ ಇನ್ನೊಂದು ಗುಣವಿದೆ. ಹಗಲು ಹೊತ್ತು ಹೊರಗೆ ಬೆಳಕು, ಒಳಗೆ ನೆರಳು; ಒಳಗಿದ್ದವರಿಗೆ ಬೀದಿಯೆಲ್ಲ ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಚಂದಾ ಪುಸ್ತಕ ಹಿಡಿದವರು ಗೇಟು ತೆಗೆದರೆಂದರೆ ಅತ್ತೆ ಸೋಫಾದಲ್ಲಿ ಕೂತಲ್ಲೇ ಉಸಿರು ಹಿಡಿಯುತ್ತಿದ್ದರು. ಗಣಪತಿ ಮಂಡಳಿಯ ಹುಡುಗರು ಬುದ್ಧಿವಂತರು. ದೀಪ ಹಾಕಿದ ಮೇಲೆ ಬರತೊಡಗಿದರು. ಆಗ ಲೆಕ್ಕ ತಿರುಗುಮುರುಗು: ನಾವು ಅವರಿಗೆ ಸ್ಪಷ್ಟವಾಗಿ ಕಾಣುತ್ತೇವೆ, ಅವರು ನಮಗೆ ಬರೀ ಕತ್ತಲು. “ಅಜ್ಜೀ, ಅಲ್ಲೇ ಕೂತಿದ್ದೀರಲ್ಲಾ” ಎಂದು ಕತ್ತಲು ಕೂಗಿ ಹೇಳುತ್ತಿತ್ತು.

ಆ ಕಾಲದ ಜಾಲರಿ ಕಬ್ಬಿಣದ್ದು, ಮೇಲೆ ಸತುವಿನ ಲೇಪ. ಲೇಪ ಸವೆದಲ್ಲಿ ತುಕ್ಕು. ತುಕ್ಕು ಯಾವಾಗಲೂ ಹಲಗೆ ಮತ್ತು ಜಾಲರಿ ಸೇರುವ ಸಂದಿಯಿಂದ ಶುರುವಾಗುತ್ತದೆ, ನೀರು ನಿಲ್ಲುವುದು ಅಲ್ಲೇ ತಾನೆ. ಮೊದಲು ಕಂದು ಬಣ್ಣದ ಒಂದು ಗೆರೆ, ಬೆರಳಿಟ್ಟರೆ ಪುಡಿ, ಆಮೇಲೆ ಒಂದು ಎಳೆ ಕಡಿದುಹೋಗಿ ಎರಡು ತೂತು ಒಂದಾಗುತ್ತದೆ. ಸೊಳ್ಳೆಗೆ ಅಷ್ಟು ಸಾಕು. ನಮ್ಮ ಮನೆಯವರು ಇದಕ್ಕೆ ಮಾಡದ ಚಿಕಿತ್ಸೆ ಇಲ್ಲ. ಸೆಲ್ಲೋಟೇಪು ಅಂಟಿಸಿದರು, ಎಂ-ಸೀಲ್ ಮೆತ್ತಿದರು, ಹಳೆಯ ಜಾಲರಿಯ ತುಂಡನ್ನು ಮೇಲಿಟ್ಟು ತಾಮ್ರದ ತಂತಿಯಿಂದ ಹೊಲಿದರು. ಕೊನೆಕೊನೆಗೆ ಬಾಗಿಲಲ್ಲಿ ಜಾಲರಿಗಿಂತ ತೇಪೆಯೇ ಹೆಚ್ಚಾಗಿ, ಸುದಾಮನ ಪಂಚೆಯನ್ನು ಬಾಗಿಲಿಗೆ ನೇತುಹಾಕಿದಂತೆ ಕಾಣುತ್ತಿತ್ತು. ಅಲ್ಲಿಗೆ ಆಚಾರ್ರಿಗೆ ಕರೆ ಹೋಗುತ್ತಿತ್ತು. ಸಾಮಾನ್ಯವಾಗಿ ಗೌರಿಹಬ್ಬಕ್ಕೆ ಮೊದಲು.

ಆಚಾರ್ರು ಜಾಲರಿ ಬದಲಿಸುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟದ ಕೆಲಸ. ಬಾಗಿಲನ್ನು ಕೀಲಿನಿಂದ ಕಳಚಿ ಜಗಲಿಯ ಮೇಲೆ ಮಲಗಿಸುವರು. ಅಂಚಿನ ರೀಪುಪಟ್ಟಿಗಳನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸುವರು, ಒಂದೂ ಸೀಳಬಾರದು, ಮತ್ತೆ ಅದನ್ನೇ ಹೊಡೆಯಬೇಕು. ಬಾಗಿದ ಮೊಳೆಗಳನ್ನು ಕಿತ್ತು ಸುತ್ತಿಗೆಯಿಂದ ನೇರ ಮಾಡಿ ಡಬ್ಬಿಗೆ ಹಾಕುವರು. ಹೊಸ ಜಾಲರಿಯನ್ನು ಮೇಲಿನ ಅಂಚಿಗೆ ಮೊದಲು ಹೊಡೆದು, ಆಮೇಲೆ ಕೆಳಕ್ಕೆ ಎಳೆದು, ಆಮೇಲೆ ಎರಡು ಪಕ್ಕ. ಎಳೆತ ಕಡಿಮೆಯಾದರೆ ಜಾಲರಿ ಜೋಲುತ್ತದೆ. ಹೆಚ್ಚಾದರೆ ಚೌಕಟ್ಟು ಒಳಕ್ಕೆ ಬಾಗಿ ಚಿಲಕ ಕೂರುವುದಿಲ್ಲ. ಎಷ್ಟು ಸಾಕು ಎಂದು ಹೇಗೆ ಗೊತ್ತಾಗುತ್ತದೆ ಎಂದರೆ ಆಚಾರ್ರು ಬೆರಳಿನಿಂದ ತಟ್ಟಿ ಕಿವಿ ಕೊಡುತ್ತಿದ್ದರು. ಸರಿಯಾದ ಜಾಲರಿಗೆ ಒಂದು ಸಣ್ಣ ನಾದವಿದೆ. “ಈಗ ಶ್ರುತಿ ಸೇರ್ತು ಅಮ್ಮಾವ್ರೇ” ಎನ್ನುವರು. ಕಾಫಿ ಬರುವುದಕ್ಕೂ ಶ್ರುತಿ ಸೇರುವುದಕ್ಕೂ ಸರಿಹೋಗುತ್ತಿತ್ತು. ಒಂದು ಸಲವೂ ಮೊದಲೇ ಸೇರಿದ್ದಿಲ್ಲ.

ಬಣ್ಣದವರು ಮಾತ್ರ ಈ ಬಾಗಿಲಿನ ಜನ್ಮವೈರಿಗಳು. ಚೌಕಟ್ಟಿಗೆ ಬಣ್ಣ ಹೊಡೆಯಿರಿ ಎಂದರೆ ಉತ್ಸಾಹದಲ್ಲಿ ಜಾಲರಿಗೂ ಬ್ರಷ್ ಆಡಿಸಿಬಿಡುತ್ತಾರೆ. ಒಂದು ದೀಪಾವಳಿಗೆ ಹಾಗೆ ಹಸಿರು ಎನಾಮೆಲ್ ಬಳಿದು ತೂತುಗಳೆಲ್ಲ ಮುಚ್ಚಿ, ಮನೆಯೊಳಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಅತ್ತೆ ನಾಲ್ಕು ದಿನ ಬಾಗಿಲ ಬಳಿ ಕೂತು ಗುಂಡುಪಿನ್ನಿನಿಂದ ಒಂದೊಂದೇ ತೂತು ಬಿಡಿಸಿದರು. “ಲಕ್ಷ್ಮಿ ಎಲ್ಲಿಂದ ಬರಬೇಕು, ಕಿಟಕಿ ಹಾರಿಯಾ?”

ಇಷ್ಟು ಬಡಪಾಯಿಯಾಗಿ ಕಾಣುವ ಈ ಜಾಲರಿಗೆ ವೈದ್ಯಕೀಯ ಚರಿತ್ರೆಯಲ್ಲಿ ಒಳ್ಳೆಯ ಸ್ಥಾನವಿದೆ. ಮಲೇರಿಯಾ ಬರುವುದು ಕೆಟ್ಟ ಗಾಳಿಯಿಂದ ಎಂದು ಜನ ಇನ್ನೂ ನಂಬಿದ್ದ 1900ರಲ್ಲಿ ಸ್ಯಾಂಬನ್ ಮತ್ತು ಲೋ ಎಂಬ ಇಬ್ಬರು ವೈದ್ಯರು ಲಂಡನ್ನಿನಿಂದ ಇಟಲಿಗೆ ಹೋದರು. ರೋಮಿನ ಹತ್ತಿರದ ಓಸ್ಟಿಯಾ ಆಗ ಮಲೇರಿಯಾಕ್ಕೆ ಹೆಸರಾದ ಜೌಗು. ಅಲ್ಲಿ ಬಾಗಿಲು ಕಿಟಕಿಗೆಲ್ಲ ತಂತಿ ಜಾಲರಿ ಹೊಡೆದ ಮರದ ಗುಡಿಸಲಲ್ಲಿ ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಬೀಡುಬಿಟ್ಟರು. ಹಗಲೆಲ್ಲ ಅದೇ ಗಾಳಿ, ಅದೇ ನೆಲ. ಸೂರ್ಯ ಮುಳುಗುವ ಹೊತ್ತಿಗೆ ಜಾಲರಿಯ ಒಳಗೆ. ಸುತ್ತಲಿನವರು ಜ್ವರದಲ್ಲಿ ನಡುಗುತ್ತಿದ್ದರೆ ಇವರಿಗೆ ಏನೂ ಆಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು ಎಂದು ನಮ್ಮತ್ತೆ ಹೇಳಿದ್ದನ್ನು ಇಷ್ಟು ಚೆನ್ನಾಗಿ ಪಾಲಿಸಿದವರು ನಮ್ಮ ಮನೆಯಲ್ಲಂತೂ ಯಾರೂ ಇಲ್ಲ.

ಕಾಲ ಕಳೆಯಿತು. ಅತ್ತೆ ಹೋದರು. ಆಚಾರ್ರಿಗೆ ಕಣ್ಣಿನ ಪೊರೆ ಬಂದು, ಶೆಡ್ ಇದ್ದ ಸೈಟಿನಲ್ಲಿ ನಾಲ್ಕು ಅಂತಸ್ತಿನ ಪಿ.ಜಿ. ಎದ್ದಿತು. ಅವರ ಮಗ ಬೆಂಗಳೂರಿನಲ್ಲಿ ಮಾಡ್ಯುಲರ್ ಅಡುಗೆಮನೆ ಮಾಡುವ ಕಂಪನಿ ಸೇರಿದ. ಅವನ ಕೈಗೆ ಹಲಗೆ ಕೊಯ್ದೇ ಬರುತ್ತದಂತೆ, ಉಳಿ ಹಿಡಿಯುವ ಪ್ರಸಂಗವಿಲ್ಲ. ನಮ್ಮ ಬಾಗಿಲಿನ ಜಾಲರಿ ಮತ್ತೆ ತುಕ್ಕು ಹಿಡಿದಾಗ ಮಗಳು ಊರಿಗೆ ಬಂದಿದ್ದಳು. “ಅಮ್ಮಾ, ಇದನ್ನ ತೆಗೆಸಿಬಿಡೋಣ. ಈಗೆಲ್ಲಾ ಪ್ಲೀಟೆಡ್” ಎಂದು ಮೊಬೈಲು ಒತ್ತಿದಳು. ಸಂಜೆಗೆ ಹುಡುಗನೊಬ್ಬ ಲೇಸರ್ ಅಳತೆಪಟ್ಟಿ ಹಿಡಿದು ಹಾಜರು. ಚದರಡಿ ಲೆಕ್ಕ. ಮೂರಡಿಗೆ ಏಳಡಿ, ಇಪ್ಪತ್ತೊಂದು ಚದರಡಿ. ಅವನ ಫೋನಿನ ಲೆಕ್ಕದಲ್ಲಿ ಇಪ್ಪತ್ನಾಲ್ಕು. “ರೌಂಡಾಫ್ ಮೇಡಂ” ಎಂದ. ಆಚಾರ್ರು ರೌಂಡಾಫ್ ಮಾಡುತ್ತಿದ್ದುದು ಯಾವಾಗಲೂ ಕೆಳಕ್ಕೆ.

ಹೊಸ ಬಾಗಿಲು ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾರೆ. ಅಲ್ಯುಮಿನಿಯಂ ಚೌಕಟ್ಟು, ನೆರಿಗೆ ಹಿಡಿದ ಪಾಲಿಯೆಸ್ಟರ್ ಬಲೆ, ಪಕ್ಕಕ್ಕೆ ಸರಿಸಿದರೆ ಸೀರೆಯ ನೆರಿಗೆ ಒತ್ತಿದಷ್ಟು ಅಚ್ಚುಕಟ್ಟಾಗಿ ಮಡಿಚಿಕೊಳ್ಳುತ್ತದೆ. ನೆಂಟರು ಹಿಂದೆ ಸರಿಯಬೇಕಿಲ್ಲ. ಶಬ್ದವೂ ಇಲ್ಲ. ಹಳೆಯ ಬಾಗಿಲಿಗೆ ಸ್ಪ್ರಿಂಗು ಇತ್ತು. ಢಪ್ ಎಂದರೆ ಮಗಳು ಶಾಲೆಯಿಂದ ಬಂದಳು, ಕಿರ್‍ರ್ ಎಂದು ನಿಧಾನ ಮುಚ್ಚಿಕೊಂಡರೆ ಮಾವನವರು ವಾಕಿಂಗ್ ಮುಗಿಸಿ ಬಂದರು ಎಂದು ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಈಗ ಯಾರು ಬಂದರೂ ಗೊತ್ತಾಗುವುದಿಲ್ಲ, ನಡುಮನೆಯಲ್ಲಿ ಎದುರಾದಾಗಲೇ ಬೆಚ್ಚಿಬೀಳುವುದು. ತಕರಾರು ಶುರುವಾದದ್ದು ಮೊದಲ ಶುಕ್ರವಾರ. ಹೊಸಿಲಿಗೆ ಅರಿಶಿನ ಹಚ್ಚಿ, ಎಳೆ ರಂಗೋಲಿ ಎಳೆದಿದ್ದೆ. ರಂಗೋಲಿ ಪುಡಿ ಕೆಳಗಿನ ಟ್ರ್ಯಾಕಿಗೆ ಸೇರಿ ಬಾಗಿಲು ಅರ್ಧಕ್ಕೆ ನಿಂತಿತು. ಹುಡುಗ ಫೋನಿನಲ್ಲೇ ರೋಗ ಪತ್ತೆ ಮಾಡಿದ: “ಪುಡಿ ಬೀಳಬಾರದು ಮೇಡಂ, ವಾರಂಟಿ ಹೋಗುತ್ತೆ. ಸ್ಟಿಕ್ಕರ್ ರಂಗೋಲಿ ಅಂಟಿಸಿಬಿಡಿ.” ವಾರಂಟಿಯೋ ಮಹಾಲಕ್ಷ್ಮಿಯೋ ಎಂಬ ಪ್ರಶ್ನೆ ಬಂದಾಗ ನಾನು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಟ್ರ್ಯಾಕು ತಿಕ್ಕುತ್ತಾ ಕೂತೆ.

ಇಷ್ಟೆಲ್ಲ ಆಗಿಯೂ ಮನೆಯೊಳಗೆ ಸೊಳ್ಳೆ ಕಡಿಮೆಯಾಗಲಿಲ್ಲ. ಅದೂ ಹಗಲು ಕಚ್ಚುವ, ಕಾಲಿಗೆ ಬಿಳಿ ಪಟ್ಟೆಯಿರುವ ಜಾತಿ. 2024ರ ಡೆಂಗಿ ಹಾವಳಿಯಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ಎಂದು ಸಾರಿ, ಸೊಳ್ಳೆ ಸಾಕುವ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತುಮಾಡಿತ್ತು. ಆರೋಗ್ಯ ಇಲಾಖೆಯ ಹೆಣ್ಣುಮಗಳು ಟಾರ್ಚ್ ಹಿಡಿದು ಬಂದವಳು ಹೊರಗೆ ತೊಟ್ಟಿ ನೋಡಿದಳು, ಒಳಗೆ ಫ್ರಿಜ್ಜಿನ ಹಿಂದಿನ ತಟ್ಟೆ ನೋಡಿದಳು, ಕೊನೆಗೆ ಟಿ.ವಿ. ಪಕ್ಕ ನಮ್ಮ ಮನೆಯವರು ಮುದ್ದಿನಿಂದ ಬೆಳೆಸಿದ್ದ ಮನಿ ಪ್ಲಾಂಟಿನ ಬಾಟಲಿಗೆ ಬೆಳಕು ಬಿಟ್ಟಳು. ತಿಳಿನೀರಿನಲ್ಲಿ ಮರಿಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ಅವಕ್ಕೆ ವಾರ ಹತ್ತು ದಿನ ಸಾಕಂತೆ. “ಸಾರ್, ನಿಮ್ಮ ಜಾಲರಿ ತುಂಬಾ ಚೆನ್ನಾಗಿದೆ. ಒಂದೂ ಹೊರಗೆ ಹೋಗಿಲ್ಲ” ಎಂದಳು. ದಂಡ ಹಾಕಲಿಲ್ಲ, ಪುಣ್ಯಾತ್ಗಿತ್ತಿ.

ನಮ್ಮ ಮನೆಯವರು ಸೋಲೊಪ್ಪುವವರಲ್ಲ. ರೊನಾಲ್ಡ್ ರಾಸ್‌ನಂಥವನಿಗೂ ಇದು ಹೊಳೆದದ್ದು ಬಾನಿ ನೋಡಿದ ಮೇಲೇ ಅಲ್ಲವೇ ಎಂದರು. ಅದು ಸರಿ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರಾಸ್, ಅದಕ್ಕೂ ಮೊದಲು, 1883ರಲ್ಲಿ, ಬೆಂಗಳೂರಿನಲ್ಲಿದ್ದ. ಬಂಗಲೆಯ ಕಿಟಕಿಯ ಹೊರಗಿನ ನೀರಿನ ಬಾನಿಯೇ ಸೊಳ್ಳೆಯ ತವರು ಎಂದು ಅವನಿಗೆ ಗೊತ್ತಾದದ್ದು ಅಲ್ಲೇ. ಮಿಕ್ಕ ಕಡೆಯ ನೀರನ್ನೂ ಚೆಲ್ಲಿಸೋಣ ಎಂದರೆ ಮೇಲಿನ ಅಧಿಕಾರಿ, ಹಾಗೆ ಮಾಡಿದರೆ ಪ್ರಕೃತಿಯ ವ್ಯವಸ್ಥೆ ಕೆಡುತ್ತದೆ ಎಂದು ಒಪ್ಪಲಿಲ್ಲವಂತೆ. ಮನಿ ಪ್ಲಾಂಟಿನ ನೀರು ಚೆಲ್ಲುವಾಗ ನಮ್ಮ ಮನೆಯಲ್ಲೂ ಇದೇ ವಾದ ಕೇಳಿಬಂತು.

ಈಚೆಗೆ ಪ್ಲೀಟೆಡ್ ಬಾಗಿಲಿನ ಒಳದಾರವೊಂದು ಹರಿದು ನೆರಿಗೆಯೆಲ್ಲ ಒಂದು ಕಡೆ ಕುಸಿಯಿತು. ದಾರ ಒಂದನ್ನೇ ಹಾಕಿಕೊಡಪ್ಪ ಎಂದೆ. “ರಿಪೇರಿ ಬರಲ್ಲ ಮೇಡಂ, ಪೂರ್ತಿ ಸೆಟ್ ಚೇಂಜ್” ಎಂದ ಹುಡುಗ. ಮತ್ತೆ ಇಪ್ಪತ್ನಾಲ್ಕು ಚದರಡಿ. ಬೇಡ ಎಂದು ಮಹಡಿಗೆ ಹೋಗಿ ನೋಡಿದೆ. ಹಳೆಯ ಬಾಗಿಲು ನೀರಿನ ಟ್ಯಾಂಕಿಗೆ ಒರಗಿ ನಿಂತಿತ್ತು. ಜಾಲರಿ ಪೂರ್ತಿ ಹೋಗಿದೆ. ಚೌಕಟ್ಟು ಹಾಗೇ ಇದೆ, ಮೂಲೆಯ ಒಂದು ಕೂಡುವಿಕೆಯೂ ಸಡಿಲವಾಗಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮೈಸೂರಿನಲ್ಲಾಗಲಿ, ನಂಜನಗೂಡು, ಶ್ರೀರಂಗಪಟ್ಟಣದ ಕಡೆಯಾಗಲಿ ಮರದ ಚೌಕಟ್ಟಿಗೆ ಜಾಲರಿ ಹೊಡೆದುಕೊಡುವ ಆಚಾರ್ರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಾಗಿಲು ಹೊನ್ನೆಯದು, ಏಳಡಿಗೆ ಮೂರಡಿ, ಹುಳ ಹಿಡಿದಿಲ್ಲ. ತುಕ್ಕು ಹಿಡಿಯದ ಸ್ಟೀಲ್ ಜಾಲರಿ ತಂದಿಟ್ಟಿದ್ದೇವೆ. ಕೆಲಸ ಅರ್ಧ ದಿನದ್ದು. ಕೂಲಿ ಪೂರ್ತಿ ದಿನದ್ದು ಕೊಡುತ್ತೇವೆ, ಎರಡು ಕಾಫಿ ಬೇರೆ.