ಉದುರುವ ಕೂದಲು, ಉಳಿಯಬೇಕಾದ ಅರಿವು

ವಯಸ್ಸಾದಂತೆ ಮನುಷ್ಯನು ತನ್ನ ದೇಹದ ಕುಂದುಕೊರತೆಗಳನ್ನು ಹೇಳಿಕೊಳ್ಳಲು ಹಿಂಜರಿಯುವುದಿಲ್ಲ. ಮಂಡಿನೋವು, ಮಧುಮೇಹ, ರಕ್ತದೊತ್ತಡ, ಕಣ್ಣಿನ ಪೊರೆ ಇವೆಲ್ಲ ಮಠದಲ್ಲಿ ಪ್ರಸಾದಕ್ಕೆ ಕುಳಿತಾಗ ನಿತ್ಯವೂ ಕೇಳಿಬರುವ ಮಾತುಗಳು. ಆದರೆ ತಲೆಗೂದಲು ಉದುರುವ ಸಂಗತಿಯನ್ನು ಯಾರೂ ಪಂಕ್ತಿಯಲ್ಲಿ ಕುಳಿತು ಹೇಳುವುದಿಲ್ಲ. ಪ್ರವಚನ ಮುಗಿದು ಜನ ಚದುರಿದ ಮೇಲೆ ಯಾರಾದರೊಬ್ಬ ಹಿರಿಯರು ಬಳಿಗೆ ಬಂದು, ದನಿ ತಗ್ಗಿಸಿ, "ಶಾಸ್ತ್ರಿಗಳೇ, ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಕೂದಲು ಬರುವ ಎಣ್ಣೆ ಏನಾದರೂ ಇದೆಯೆ?" ಎಂದು ಕೇಳುತ್ತಾರೆ. ಅರವತ್ತು ದಾಟಿದ ನನ್ನ ನೆತ್ತಿಯೂ ಬಯಲಾಗಿ ಬಹುಕಾಲವಾಯಿತು. ಆದುದರಿಂದ ಆ ಪ್ರಶ್ನೆ ನನಗೆ ನಗೆ ತರುವುದಿಲ್ಲ. ಅದರ ಹಿಂದಿರುವ ಸಂಕೋಚವನ್ನು ಬಲ್ಲೆ. ಆ ಸಂಕೋಚವು ಕೂದಲಿಗಿಂತ ಬೆಲೆಯುಳ್ಳದ್ದನ್ನು ಕಳೆಯಬಲ್ಲದೆಂಬುದನ್ನು ಕಣ್ಣಾರೆ ಕಂಡ ಮೇಲೆ ಈ ನಾಲ್ಕು ಮಾತು ಬರೆಯಬೇಕೆನಿಸಿತು.

ಹಿಂದಿನವರಿಗೆ ಈ ಚಿಂತೆ ಕಡಿಮೆಯಿತ್ತು. ನಮ್ಮ ಕಡೆಯ ಹಿರಿಯರು ರುಮಾಲು ಸುತ್ತದೆ ಹೊಸ್ತಿಲು ದಾಟುತ್ತಿರಲಿಲ್ಲ. ಅದರೊಳಗೆ ಕೂದಲಿದೆಯೋ ಇಲ್ಲವೋ ಎಂಬುದು ಮನೆಯವರಿಗೂ ಕ್ಷೌರಿಕನಿಗೂ ಮಾತ್ರ ಗೊತ್ತು. ಈಗ ರುಮಾಲು ಹೋಗಿದೆ. ಸಮಾರಂಭಕ್ಕೊಂದರಂತೆ ನೂರು ಭಾವಚಿತ್ರಗಳು ಬಂದಿವೆ. "ಅಜ್ಜನ ತಲೆ ಕನ್ನಡಿ" ಎಂದು ಮೊಮ್ಮಕ್ಕಳು ನಗುತ್ತಾರೆ. ಆ ನಗೆಯಲ್ಲಿ ದೋಷವಿಲ್ಲ. ಆದರೂ ಕೇಳಿದವರ ಎದೆಯಲ್ಲಿ ಅದು ಉಳಿಯುವುದುಂಟು.

ಇದರ ಕಾರಣವನ್ನು ಮೊದಲು ತಿಳಿಯೋಣ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ಉದುರಿ, ಮತ್ತೆ ಹುಟ್ಟುತ್ತದೆ. ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಸಹಜ. ಪುರುಷರ ದೇಹದಲ್ಲಿ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಇದೆ. ಒಂದು ಕಿಣ್ವದ ಮೂಲಕ ಅದರ ಸ್ವಲ್ಪ ಭಾಗವು ಡೈಹೈಡ್ರೊಟೆಸ್ಟೊಸ್ಟೆರಾನ್ ಎಂಬ ಮತ್ತಷ್ಟು ಪ್ರಬಲವಾದ ಹಾರ್ಮೋನಾಗಿ ಮಾರ್ಪಡುತ್ತದೆ. ವಂಶಪಾರಂಪರ್ಯವಾಗಿ ಇದರ ಪ್ರಭಾವಕ್ಕೆ ಒಳಗಾಗುವವರಲ್ಲಿ ಹಣೆಯ ಮೇಲಿನ ಮತ್ತು ನೆತ್ತಿಯ ಕೂದಲ ಬುಡಗಳು ಆವರ್ತಕ್ಕೊಮ್ಮೆ ಕಿರಿದಾಗುತ್ತ, ದಪ್ಪ ಕೂದಲಿನ ಸ್ಥಾನದಲ್ಲಿ ನವಿರಾದ ರೋಮವನ್ನಷ್ಟೇ ಹುಟ್ಟಿಸುತ್ತವೆ. ತಲೆಯ ಹಿಂಭಾಗದ ಮತ್ತು ಪಕ್ಕಗಳ ಕೂದಲು ಈ ಪ್ರಭಾವಕ್ಕೆ ಅಷ್ಟಾಗಿ ಒಳಗಾಗುವುದಿಲ್ಲ. ಬೋಳುತಲೆಗೂ ಕಿವಿಯ ಸುತ್ತ ಕೂದಲ ಅಂಚು ಉಳಿಯುವುದು ಇದರಿಂದಲೇ. ಪಾಪದ ಫಲ, ನೀರಿನ ದೋಷ, ಚಿಂತೆಯ ಭಾರ ಎಂದು ಹಲವು ಮನೆಗಳಲ್ಲಿ ಹೇಳುವುದುಂಟು. ಈ ಬಗೆಯ ಬೋಳುತನಕ್ಕೆ ಅವು ಮೂಲವಲ್ಲ.

ಇದು ಬೆಳಕಿಗೆ ಬಂದ ಬಗೆಯೂ ಕುತೂಹಲಕರವಾದುದು. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ಶರೀರರಚನಾ ಶಾಸ್ತ್ರಜ್ಞರು ೧೯೪೨ರಲ್ಲಿ, ಪ್ರಾಯಕ್ಕೆ ಮುಂಚೆಯೇ ವೃಷಣಗಳನ್ನು ಕಳೆದುಕೊಂಡ ಪುರುಷರಿಗೆ ತಲೆ ಬೋಳಾಗುವುದಿಲ್ಲವೆಂದು ತೋರಿಸಿಕೊಟ್ಟರು. ೧೯೭೪ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಅಧ್ಯಯನ ಪ್ರಕಟವಾಯಿತು. ಅಲ್ಲಿ ಮೇಲೆ ಹೇಳಿದ ಕಿಣ್ವದ ಕೊರತೆಯಿಂದ ಹುಟ್ಟಿದ ಗಂಡುಮಕ್ಕಳು ಬೆಳೆದು ದೊಡ್ಡವರಾದಾಗ ಅವರ ಮುಂದಲೆಯ ಕೂದಲು ಹಿಂದೆ ಸರಿಯಲಿಲ್ಲ. ಅವರ ಪ್ರಾಸ್ಟೇಟ್ ಗ್ರಂಥಿಯೂ ಚಿಕ್ಕದಾಗಿಯೇ ಉಳಿದಿತ್ತು. ನೆತ್ತಿಗೂ ಮೂತ್ರಕೋಶದ ಕೆಳಗಿನ ಆ ಗ್ರಂಥಿಗೂ ಇರುವ ಈ ನಂಟನ್ನು ಓದುಗರು ನೆನಪಿನಲ್ಲಿಡಬೇಕು.

ನಮ್ಮ ಆಯುರ್ವೇದವೂ ಇದನ್ನು ಗಮನಿಸದೆ ಬಿಟ್ಟಿಲ್ಲ. ಖಾಲಿತ್ಯವೆಂಬ ಹೆಸರಿನಿಂದ ಇದನ್ನು ಗುರುತಿಸಿ, ಪಿತ್ತ ವಾತಗಳ ಪ್ರಕೋಪದಿಂದ ಕೂದಲು ಬಿದ್ದು, ಕಫ ರಕ್ತಗಳಿಂದ ರೋಮಕೂಪಗಳು ಮುಚ್ಚಿಹೋಗುವುವೆಂದು ಪ್ರಾಚೀನರು ವಿವರಿಸಿದರು. ಗರುಗದ ಸೊಪ್ಪಿನ ಎಣ್ಣೆಯನ್ನು ಹಚ್ಚಿಕೊಂಡರೆ ನೆತ್ತಿ ತಂಪಾಗಬಹುದು, ಇರುವ ಕೂದಲು ಮೃದುವಾಗಬಹುದು. ಆದರೆ ಹಾರ್ಮೋನಿನಿಂದ ಬಯಲಾದ ನೆತ್ತಿಯಲ್ಲಿ ಅದು ಮತ್ತೆ ಕೂದಲು ಬೆಳೆಸುವುದೆಂದು ನಾನು ಯಾರಿಗೂ ಹೇಳುವುದಿಲ್ಲ. ಶಾಸ್ತ್ರದ ಮೇಲಿನ ಗೌರವವು ಶಾಸ್ತ್ರದ ಹೆಸರಿನಲ್ಲಿ ಆಸೆ ಮಾರುವುದನ್ನು ಒಪ್ಪುವುದಿಲ್ಲ.

ಈಗ ಪ್ರಚಲಿತವಿರುವ ಚಿಕಿತ್ಸೆಗಳು ಮುಖ್ಯವಾಗಿ ಮೂರು. ಮೊದಲನೆಯದು ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್. ೧೯೭೯ರಲ್ಲಿ ಅಮೆರಿಕದಲ್ಲಿ ರಕ್ತದೊತ್ತಡದ ಮಾತ್ರೆಯಾಗಿ ಬಂದ ಇದನ್ನು ಸೇವಿಸಿದವರ ಮೈಮೇಲೆ ರೋಮ ಬೆಳೆದುದನ್ನು ವೈದ್ಯರು ಕಂಡರು. ೧೯೮೮ರಲ್ಲಿ ತಲೆಗೆ ಹಚ್ಚುವ ದ್ರವವಾಗಿ ಅದಕ್ಕೆ ಅಲ್ಲಿ ಅನುಮತಿ ದೊರೆಯಿತು. ಮೊದಲ ಕೆಲವು ವಾರ ಕೂದಲು ಹೆಚ್ಚು ಉದುರಬಹುದು; ಫಲ ಕಾಣಲು ನಾಲ್ಕಾರು ತಿಂಗಳು ಬೇಕು; ಬಿಟ್ಟರೆ ಬಂದದ್ದು ಹೋಗುತ್ತದೆ. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಹಚ್ಚಿದ ಜಾಗ ಎಳೆಗೂಸುಗಳ ಮೈಗೆ ತಾಕಿ ಆ ಮಕ್ಕಳ ಮೈಯಲ್ಲಿ ಅತಿಯಾಗಿ ರೋಮ ಬೆಳೆದ ಪ್ರಸಂಗಗಳು ಯುರೋಪಿನಲ್ಲಿ ವರದಿಯಾಗಿವೆ. ಮೊಮ್ಮಗುವನ್ನು ಹೆಗಲಿಗೇರಿಸಿಕೊಳ್ಳುವ ಅಜ್ಜಂದಿರು ಇದನ್ನು ಮರೆಯಬಾರದು.

ಎರಡನೆಯದು ಫಿನಾಸ್ಟರೈಡ್ ಎಂಬ ಮಾತ್ರೆ. ಅದು ಮೊದಲು ಹೇಳಿದ ಕಿಣ್ವವನ್ನು ತಡೆಯುತ್ತದೆ. ಅಮೆರಿಕದಲ್ಲಿ ೧೯೯೨ರಲ್ಲಿ ೫ ಮಿಲಿಗ್ರಾಂ ಪ್ರಮಾಣದಲ್ಲಿ ಪ್ರಾಸ್ಟೇಟ್ ಊತಕ್ಕೂ, ೧೯೯೭ರಲ್ಲಿ ೧ ಮಿಲಿಗ್ರಾಂ ಪ್ರಮಾಣದಲ್ಲಿ ಕೂದಲಿಗೂ ಇದು ಅನುಮತಿ ಪಡೆಯಿತು. ಕೂದಲಿನ ಅನುಮತಿಗೆ ಆಧಾರವಾದ ಮುಖ್ಯ ಪ್ರಯೋಗಗಳು ೧೮ರಿಂದ ೪೧ ವಯಸ್ಸಿನವರ ಮೇಲೆ ನಡೆದವು. ಆದುದರಿಂದ ಅರವತ್ತರ ನಾವು ತರುಣರಷ್ಟೇ ಫಲವನ್ನು ನಿರೀಕ್ಷಿಸಲಾಗದು. ಕೆಲವರಲ್ಲಿ ದಾಂಪತ್ಯದ ಆಸಕ್ತಿ ಕುಗ್ಗುವುದೂ ಮನಸ್ಸು ಮಂಕಾಗುವುದೂ ಉಂಟು. ಆತ್ಮಹತ್ಯೆಯ ಆಲೋಚನೆಯೂ ಇದರ ಅಡ್ಡಪರಿಣಾಮಗಳಲ್ಲೊಂದೆಂದು ಯುರೋಪಿನ ಔಷಧ ಸಂಸ್ಥೆ ೨೦೨೫ರಲ್ಲಿ ದೃಢಪಡಿಸಿತು. ಗರ್ಭಿಣಿಯರು ಮುರಿದ ಮಾತ್ರೆಯನ್ನು ಮುಟ್ಟಬಾರದು; ಗಂಡುಶಿಶುವಿನ ಬೆಳವಣಿಗೆಗೆ ಅದರಿಂದ ಅಪಾಯವಿದೆ.

ಇಲ್ಲಿಯೇ ನನ್ನ ಗೆಳೆಯರೊಬ್ಬರ ಸಂಗತಿಯನ್ನು ಹೇಳಬೇಕು. ಮಠದ ಪ್ರಸಾದನಿಲಯದಲ್ಲಿ ನನ್ನೊಡನೆ ಓದಿ, ಮುಂದೆ ಶಾಲಾಮಾಸ್ತರರಾಗಿ ನಿವೃತ್ತರಾದವರು. ಮೊಮ್ಮಗಳ ಮದುವೆ ಗೊತ್ತಾದಾಗ, ಯಾರದೋ ಮಾತು ಕೇಳಿ ಈ ಮಾತ್ರೆಯನ್ನು ಯಾರಿಗೂ ತಿಳಿಸದೆ ನುಂಗತೊಡಗಿದರು. ಒಂದು ವರ್ಷದ ಮೇಲೆ ಮೂತ್ರದ ತೊಂದರೆಯೆಂದು ವೈದ್ಯರ ಬಳಿ ಹೋದರು. ಜೊತೆಗೆ ನಾನೂ ಇದ್ದೆ. ಪ್ರಾಸ್ಟೇಟಿನ ಪಿ.ಎಸ್.ಎ. ರಕ್ತಪರೀಕ್ಷೆಯಲ್ಲಿ ೨.೬ ಬಂದಿತ್ತು. ಸಾಮಾನ್ಯವಾಗಿ ೪ರ ಒಳಗಿದ್ದರೆ ಗಾಬರಿಯಿಲ್ಲವೆನ್ನುತ್ತಾರೆ. ಮಗನು ನೆಮ್ಮದಿಯ ಉಸಿರು ಬಿಟ್ಟನು. ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುವಿರಾ ಎಂದು ವೈದ್ಯರು ಕೇಳಿದಾಗ ಗೆಳೆಯರು ರಕ್ತದೊತ್ತಡದ್ದೊಂದನ್ನೇ ಹೇಳಿದರು. ಆಗ ಅವರ ಮನೆಯವರು ಸೆರಗಿನ ಗಂಟಿನಿಂದ ಮಾತ್ರೆಯ ಪಟ್ಟಿಯೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ಇದನ್ನೂ ತಗೋತಾರ್ರಿ ಸಾಹೇಬರ, ನಮಗ ಹೇಳಿಲ್ಲ" ಎಂದರು. ಆ ಮಾತ್ರೆಯು ಪಿ.ಎಸ್.ಎ. ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ವೈದ್ಯರು ಅಂಕಿಯನ್ನು ಇಮ್ಮಡಿಸಿ ೫.೨ ಎಂದು ಬರೆದುಕೊಂಡು ಮುಂದಿನ ಪರೀಕ್ಷೆಗೆ ಕಳಿಸಿದರು. ಗ್ರಂಥಿಯಲ್ಲಿ ಕ್ಯಾನ್ಸರ್ ಮೊದಲ ಹಂತದಲ್ಲಿತ್ತು. ವಿಕಿರಣ ಚಿಕಿತ್ಸೆಯಾಗಿ ಈಗ ಅವರು ನೆಮ್ಮದಿಯಾಗಿದ್ದಾರೆ. ಆ ತಾಯಿ ಪತಿಯ ಮರ್ಯಾದೆಯೆಂದು ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಮೈ ನಡುಗುತ್ತದೆ.

ಮೂರನೆಯದು ಕೂದಲು ಕಸಿ. ಹಿಂಭಾಗದ ಕೂದಲನ್ನು ಮುಂದಕ್ಕೆ ನೆಟ್ಟರೂ ಅದು ತನ್ನ ಮೂಲ ಗುಣವನ್ನು ಬಿಡುವುದಿಲ್ಲವೆಂದು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ೧೯೫೯ರಲ್ಲಿ ತೋರಿಸಿದರು. ಇದರಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ, ಇದ್ದುದು ಸ್ಥಳ ಬದಲಿಸುತ್ತದೆ. ಬೀಜದ ಕಣಜ ಬರಿದಾದರೆ ನಾಟಿಯೂ ನಿಲ್ಲುತ್ತದೆ. ಇದು ಶಸ್ತ್ರಚಿಕಿತ್ಸೆ; ತರಬೇತಿ ಪಡೆದ ನೋಂದಾಯಿತ ವೈದ್ಯರ ಕೈಯಲ್ಲೇ ಆಗಬೇಕು. ಇನ್ನು ಜಾಹೀರಾತುಗಳ ಮಾತು. ೧೯೪೫ರ ಔಷಧ ನಿಯಮಗಳ ಪ್ರಕಾರ ಬೋಳುತಲೆಯನ್ನು ಗುಣಪಡಿಸುವೆನೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಕಾನೂನು ಇದ್ದರೂ ಆಸೆ ಕುರುಡು.

ಮಠದಲ್ಲಿ ಓದುವಾಗ ನಾವು ತಲೆ ಬೋಳಿಸಿಕೊಂಡ ಸ್ವಾಮಿಗಳಿಗೂ ಜಟೆ ಬಿಟ್ಟ ತಪಸ್ವಿಗಳಿಗೂ ಒಂದೇ ಭಕ್ತಿಯಿಂದ ಶರಣೆನ್ನುತ್ತಿದ್ದೆವು. ತಲೆ ಬೋಳಾದ ಮಾತ್ರಕ್ಕೆ ವೈರಾಗ್ಯ ಬರದೆಂದು ಶರಣರು ಎಚ್ಚರಿಸಿದರು. ಹಾಗೆಯೇ ಬೋಳಾದ ಮಾತ್ರಕ್ಕೆ ಘನತೆಯೂ ಕುಂದದು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕೂದಲ ಮರೆಯ ಬಗ್ಗೆ ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಕ್ಕನಿಗೆ ಆ ಕೂದಲು ಅಲಂಕಾರವಾಗಿರಲಿಲ್ಲ, ನೋಡುವವರ ಮನಸ್ಸು ನೋಯಬಾರದೆಂಬ ಕರುಣೆಯಾಗಿತ್ತು. ಕೂದಲಿನ ಬೆಲೆ ಅದರ ಹಿಂದಿನ ಭಾವದಲ್ಲಿದೆ.

ಚಿಕಿತ್ಸೆ ಪಡೆಯುವುದು ತಪ್ಪಲ್ಲ, ಬೇಡವೆನ್ನುವುದೂ ದಡ್ಡತನವಲ್ಲ. ಕೂದಲು ತಟ್ಟನೆ ಗುಂಪುಗುಂಪಾಗಿ ಉದುರಿದರೆ ಥೈರಾಯ್ಡ್, ರಕ್ತಹೀನತೆ ಮೊದಲಾದ ಕಾರಣಗಳಿರಬಹುದು. ಮೊದಲು ಚರ್ಮರೋಗ ತಜ್ಞರನ್ನು ಕಾಣಬೇಕು. ಮಾತ್ರೆ ತೆಗೆದುಕೊಳ್ಳುವವರು ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಮಡದಿಯ ಕೈಗೆ ಕೊಡಲಿ, ಪ್ರತಿಯೊಬ್ಬ ವೈದ್ಯರಿಗೂ ತೋರಿಸಲಿ. ಮನೆಯ ಮಕ್ಕಳಿಗೆ ಹಿರಿಯರ ತಲೆಯನ್ನು ಕುರಿತು ಹಾಸ್ಯ ಮಾಡಬಾರದೆಂದು ತಾಯಂದಿರು ಕಲಿಸಲಿ. ನಗೆಗೆ ಅಂಜಿದವನು ಔಷಧವನ್ನು ಬಚ್ಚಿಡುತ್ತಾನೆ; ಬಚ್ಚಿಟ್ಟ ಔಷಧವು ಬಚ್ಚಿಟ್ಟ ರೋಗವನ್ನು ಸಾಕುತ್ತದೆ. ಇಷ್ಟಲಿಂಗವನ್ನು ಧರಿಸಿದ ಈ ಕಾಯದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಮುಚ್ಚುಮರೆ ಬೇಡ.