ಅವತ್ತು ಅವಳಿಗೆ ಕಂಡದ್ದು ನನ್ನ ಜಡೆ

1/4

ಮೊದಲು ಫೋಟೋ ಸರಿಯಾಗಿ ನೋಡಿ. ಎಲ್ರೂ ಮೇಲಿರೋಳನ್ನೇ ನೋಡ್ತೀರಾ, ಗೊತ್ತು. ಹೋದ ವಾರ ಸ್ಟೋರಿ ಹಾಕಿದಾಗಿಂದ ಬಂದ ಮೆಸೇಜೆಲ್ಲ ಒಂದೇ: "ಅಕ್ಕಾ, ಅಷ್ಟು ಎತ್ತರ ಹೇಗೆ ಹೋದ್ರಿ?" ನಾನು ಹೋಗಿಲ್ಲ ಕಣ್ರೋ. ಗಾಳಿಯಲ್ಲಿರೋದು ನಮ್ಮ ಗುಬ್ಬಿ. ಟೀಮಲ್ಲಿ ಇಟ್ಟ ಹೆಸರು ಅದು, ನಿಜವಾದ ಹೆಸರು ಹಾಕಿದ್ರೆ ಹೊಡೀತಾಳೆ. ಕೆಳಗೆ ಎಡಗಡೆ, ಬಾಯಿ ತೆರ್ಕೊಂಡು, ಎರಡೂ ಕೈ ಮೇಲೆ ಚಾಚಿ ನಿಂತಿರೋ ಕೆಟ್ಟ ಮುಖ ಇದ್ಯಲ್ಲ, ಅದು ನಾನು.

ಚಿಯರ್‌ಲೀಡಿಂಗ್ ಅಂದ ತಕ್ಷಣ ನಮ್ಮೂರಲ್ಲಿ ಎಲ್ರೂ ಕೇಳೋದು "ಐಪಿಎಲ್ಲಾ?" ಅಂತ. ತಪ್ಪೇನಿಲ್ಲ, 2008ರಲ್ಲಿ ಐಪಿಎಲ್ ಶುರುವಾದಾಗ ನಮ್ಮ ಬೆಂಗಳೂರು ತಂಡಕ್ಕೆ ಕುಣಿಯೋಕೆ ಅಮೆರಿಕದ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಹುಡುಗೀರೇ ಬಂದಿದ್ರು. ಆದ್ರೆ ನಾವು ಮಾಡೋದು ಬೇರೆ: ಎತ್ತೋದು, ಎಸೆಯೋದು, ಹಿಡಿಯೋದು. ಅದರಲ್ಲಿ ಈ ಫೋಟೋದಲ್ಲಿರೋದಕ್ಕೆ ಬಾಸ್ಕೆಟ್ ಟಾಸ್ ಅಂತಾರೆ.

ಚಿಕ್ಕವರಿದ್ದಾಗ ಇಬ್ರು ಕೈಗೆ ಕೈ ಹೆಣೆದು ಮೂರನೆಯವರನ್ನ ಕೂರಿಸ್ಕೊಂಡು ಓಡ್ತಿದ್ವಲ್ಲ, ಅದೇ ಹಿಡಿತ. ನನ್ನ ಬಲಗೈ ನನ್ನದೇ ಎಡ ಮಣಿಕಟ್ಟನ್ನ ಹಿಡಿದಿರುತ್ತೆ, ಎಡಗೈ ಎದುರಿನವಳ ಬಲ ಮಣಿಕಟ್ಟನ್ನ. ಅವಳದ್ದೂ ಹಾಗೇ. ಒಂದು ಚೌಕ ಆಗುತ್ತೆ. ಗುಬ್ಬಿ ನಮ್ಮ ಹೆಗಲ ಮೇಲೆ ಕೈ ಊರಿ ಆ ಚೌಕದ ಮೇಲೆ ಎರಡೂ ಪಾದ ಇಡ್ತಾಳೆ. ನಾವಿಬ್ರು ಬೇಸ್. ಅವಳ ಬೆನ್ನ ಹಿಂದೆ ನಿಲ್ಲೋಳು ಬ್ಯಾಕ್ ಸ್ಪಾಟ್. ಎಣಿಕೆ ಹಾಕೋದು ಅವಳೇ, ಬಿದ್ರೆ ತಲೆ ಮತ್ತೆ ಹೆಗಲು ಕಾಯೋದೂ ಅವಳೇ. ನಮ್ಮ ಟೀಮಲ್ಲಿ ಅತಿ ಕಡಿಮೆ ಫೋಟೋ ಇರೋದೂ ಅವಳದ್ದೇ.

2/4

ನಾವು ತಿಂಗಳುಗಟ್ಲೆ ಮಾಡಿದ ತಪ್ಪು ಕೇಳಿ. ಎತ್ತರ ಬರ್ತಿಲ್ಲ ಅಂದ್ರೆ ಕೈಗೆ ಶಕ್ತಿ ಸಾಲ್ತಿಲ್ಲ ಅಂದ್ಕೊಂಡ್ವಿ. ದಿನಾ ಪುಷ್‌ಅಪ್. ನನ್ನ ಚೂಡಿದಾರದ ತೋಳು ಬಿಗಿ ಆಯ್ತೇ ಹೊರತು ಗುಬ್ಬಿ ಒಂದು ಗೇಣೂ ಜಾಸ್ತಿ ಮೇಲೆ ಹೋಗ್ಲಿಲ್ಲ. ಹೋದಾಗ್ಲೂ ಓರೆಯಾಗಿ ಹೋಗ್ತಿದ್ಲು, ಯಾವಾಗ್ಲೂ ಎದುರಿನ ಬೇಸ್ ಕಡೆಗೆ.

ಮೇಡಂ ಒಂದು ದಿನ ಫೋನಲ್ಲಿ ಸ್ಲೋ ಮೋಷನ್ ತೆಗೆದು ತೋರಿಸಿದ್ರು. ಮಂಡಿ ಬಗ್ಗಿಸಿ ಕೆಳಗಿಳಿಯೋದರಲ್ಲಿ ನಾನೇ ಮೊದಲು, ಮೇಲೇಳೋದರಲ್ಲೂ ನಾನೇ ಮೊದಲು. ಬ್ಯಾಕ್ ಸ್ಪಾಟ್ ಎಣಿಕೆ ಮುಗಿಸೋಕೆ ಮುಂಚೆ ನನ್ನ ಕೈ ಮೇಲೆ ಹೋಗಿರ್ತಿತ್ತು. ಅಮ್ಮ ಮೊರದಲ್ಲಿ ಅಕ್ಕಿ ಕೇರೋದು ನೆನಪಾಯ್ತು. ಒಂದು ಪಕ್ಕ ಬೇಗ ಎತ್ತಿದ್ರೆ ಅಕ್ಕಿ ಇನ್ನೊಂದು ಪಕ್ಕದಿಂದ ಚೆಲ್ಲುತ್ತೆ. ಗುಬ್ಬೀನ ನಾನು ದಿನಾ ಚೆಲ್ತಿದ್ದೆ.

ಪಿಜಿಯಲ್ಲಿ ನನ್ನ ರೂಮ್‌ಮೇಟ್ ಬಿಎಸ್ಸಿ. ಅವಳು ಹೇಳಿದ್ದು: ಕೈ ಬಿಡೋ ಕ್ಷಣದಲ್ಲಿ ಎಷ್ಟು ವೇಗ ಇರುತ್ತೋ, ಎತ್ತರ ಆ ವೇಗದ ವರ್ಗದ ಲೆಕ್ಕದಲ್ಲಿ ಬರುತ್ತೆ. ವೇಗ ಶೇಕಡಾ 10 ಜಾಸ್ತಿ ಆದ್ರೆ ಎತ್ತರ ಶೇಕಡಾ 21 ಜಾಸ್ತಿ. ಬಿಕಾಂನವರೇ, ಗುರುತು ಸಿಕ್ತಾ? ಶೇಕಡಾ 10ರ ಚಕ್ರಬಡ್ಡಿಗೆ 100 ರೂಪಾಯಿ ಎರಡು ವರ್ಷದಲ್ಲಿ 121 ಆಗುತ್ತಲ್ಲ, ಅದೇ. ವೇಗ ಶೇಕಡಾ 10 ಕಮ್ಮಿ ಆದ್ರೆ 81ಕ್ಕೆ ಇಳೀತು. ಒಬ್ಬಳು ಚೂರು ಮುಂಚೆ, ಇನ್ನೊಬ್ಬಳು ಚೂರು ತಡ, ಅಷ್ಟಕ್ಕೇ ನಾವು 81ರಲ್ಲಿದ್ವಿ. ಲೆಕ್ಕ ಅರ್ಥ ಆಗೋಕೆ ನನಗೆ ಬಡ್ಡಿ ಬೇಕಾಯ್ತು, ಇರಲಿ.

ಬಲ ಬರೋದು ತೊಡೆಯಿಂದ. ಬೆನ್ನು ನೇರ ಇಟ್ಟು, ಮೂವರೂ ಒಟ್ಟಿಗೆ ಸ್ವಲ್ಪವೇ ಕುಗ್ಗಿ, ಕೆಳಗೆ ನಿಲ್ಲದೆ ಒಟ್ಟಿಗೆ ಎದ್ದು, ತುದಿಗಾಲಲ್ಲಿ ಪೂರ್ತಿ ಚಾಚಿದ ಮೇಲೆ ಕೈ ಬಿಡಬೇಕು. ಜಾಸ್ತಿ ಕುಗ್ಗಿದ್ರೆ ಜಾಸ್ತಿ ಎತ್ತರ ಅನ್ನೋದು ಸುಳ್ಳು, ತೀರಾ ಕೆಳಗೆ ಹೋದ್ರೆ ಏಳೋದೇ ನಿಧಾನ ಆಗುತ್ತೆ. ಮೇಲಿರೋಳ ಕೆಲಸವೂ ಇದೆ. ನಾವು ಎತ್ತುವಾಗ ಅವಳು ನಮ್ಮ ಹೆಗಲನ್ನ ಒತ್ತಿ ಕಾಲು ಗಟ್ಟಿ ಮಾಡಿ ಎದ್ದು ನಿಲ್ಲಬೇಕು. ಮಂಡಿ ಸಡಿಲ ಬಿಟ್ರೆ ನಾವು ಎಸೆದ ಬಲವೆಲ್ಲ ಆ ಮಂಡಿಯಲ್ಲೇ ಕರಗಿ ಹೋಗುತ್ತೆ. ಆಮೇಲೆ ಕೈ ಕಿವಿ ಪಕ್ಕ, ಕಣ್ಣು ಮುಂದೆ, ತುದಿ ಮುಟ್ಟೋವರೆಗೂ ಕಾಯಬೇಕು. ಟೋ ಟಚ್ ಮಾಡೋ ಆಸೆಗೆ ಗುಬ್ಬಿ ಅರ್ಧದಲ್ಲೇ ಕಾಲು ಬಿಚ್ತಿದ್ಲು. ಕಾಯೋದು ಕಲಿಯೋಕೆ ಅವಳಿಗೆ ಹಿಡಿದಷ್ಟು ಟೈಮು ಬೇರೆ ಯಾವುದಕ್ಕೂ ಹಿಡೀಲಿಲ್ಲ.

3/4

ಇದನ್ನ ಹಾಕೋದಾ ಬೇಡ್ವಾ ಅಂತ ಮೂರು ದಿನ ಯೋಚಿಸ್ದೆ.

ಫೆಸ್ಟ್‌ಗೆ ಒಂಬತ್ತು ದಿನ ಇತ್ತು. ಬೇರೆ ಕಾಲೇಜಿನವರ ರೀಲ್ ನೋಡಿ ಹೊಟ್ಟೆ ಉರೀತಿತ್ತು. ಅವತ್ತು ಸಂಜೆ ಪ್ರಾಕ್ಟೀಸ್ ಮುಗಿಸಿ ಮೇಡಂ ಹೊರಟುಹೋದ್ರು, ಹೋಗುವಾಗ "ಇವತ್ತಿಗೆ ಸಾಕು" ಅಂತ ಹೇಳಿಯೇ ಹೋದ್ರು. "ಇನ್ನೊಂದೇ ಒಂದು, ವಿಡಿಯೋಗೆ" ಅಂದವಳು ನಾನು. ತೊಡೆ ನಡುಗ್ತಿತ್ತು, ಆದ್ರೂ.

ಅವತ್ತಿನವರೆಗಿನ ಟಾಸ್‌ಗಳಲ್ಲಿ ಅದೇ ಎತ್ತರ. ಗುಬ್ಬಿ ನೇರವಾಗಿ ಹೋದ್ಲು, ನೇರವಾಗೇ ಬಂದ್ಲು. ಬರೋ ವೇಗ ನೋಡಿ ಹೆದರಿಕೆಯಾಗಿ ನಾನು ಮುಖ ತಿರುಗಿಸಿದೆ. ಮುಖದ ಜೊತೆ ಹೆಗಲೂ ತಿರುಗ್ತು, ಕೈ ಕೆಳಗಾಯ್ತು. ನನ್ನ ಪಕ್ಕದಿಂದ ಅವಳು ಜಾರಿದ್ಲು. ಬ್ಯಾಕ್ ಸ್ಪಾಟ್ ಕಂಕುಳಿಗೆ ಕೈ ಹಾಕಿ ತಲೆ, ಹೆಗಲು ಉಳಿಸಿದ್ಲು. ಸೊಂಟ ಮ್ಯಾಟಿಗೆ ಬಡೀತು, ಗುಬ್ಬಿ ಎಡಗೈ ಊರಿಬಿಟ್ಲು. ಎಕ್ಸ್‌ರೇಯಲ್ಲಿ ಮುರಿದಿಲ್ಲ ಅಂತ ಬಂತು, ಮಣಿಕಟ್ಟು ಉಳುಕಿತ್ತು. ಮ್ಯಾಟ್ ಇಲ್ಲದೇ ಹೋಗಿದ್ರೆ ಈ ಸರಣಿ ಬರೀತಿರ್ಲಿಲ್ಲ.

ಮಾರನೇ ದಿನ ಅವರಮ್ಮ ಮಂಡ್ಯದಿಂದ ಬಂದ್ರು. ಪಿಜಿ ಮೆಟ್ಟಿಲ ಹತ್ರ ನಾವೆಲ್ಲ ನಿಂತಿದ್ವಿ. ಬೈಲಿಲ್ಲ. "ಹಿಡಿಯೋಳು ಯಾರಮ್ಮಾ ನಿಮ್ಮಲ್ಲಿ?" ಅಂದ್ರು ಅಷ್ಟೇ. ನಾನು ಅವರ ಚಪ್ಪಲಿ ನೋಡ್ತಾ ನಿಂತೆ. ಬ್ಯಾಕ್ ಸ್ಪಾಟ್ "ಎಲ್ರೂ ಹಿಡೀತೀವಿ ಆಂಟಿ" ಅಂದ್ಲು. ಆ ವಿಡಿಯೋ ನನ್ನ ಫೋನಲ್ಲಿತ್ತು. ನನ್ನ ತಿರುಗಿದ ಮುಖ ಅದರಲ್ಲಿ ಚೆನ್ನಾಗಿ ಕಾಣ್ತಿತ್ತು. ರಾತ್ರಿ ಡಿಲೀಟ್ ಮಾಡ್ದೆ. ಮೇಡಂ ಕೇಳಿದಾಗ "ರೆಕಾರ್ಡ್ ಆಗಿರ್ಲಿಲ್ಲ ಮ್ಯಾಮ್" ಅಂದೆ.

ಫೆಸ್ಟ್‌ನಲ್ಲಿ ಟಾಸ್ ಇಲ್ಲದೆ ಕುಣಿದು ಬಂದ್ವಿ. ಬಹುಮಾನ ಗಿಹುಮಾನ ಏನೂ ಇಲ್ಲ.

ಹತ್ತು ದಿನ ಬಿಟ್ಟು ಗುಬ್ಬಿ ಕೈಗೆ ಕ್ರೇಪ್ ಬ್ಯಾಂಡೇಜ್ ಸುತ್ಕೊಂಡು ಬಂದ್ಲು. ಮಸಾಲ ಪುರಿ ಗಾಡಿ ಹತ್ರ ನಿಂತು ಹೇಳಿಬಿಟ್ಟೆ. ಅವಳು ತಿನ್ನೋದು ನಿಲ್ಲಿಸ್ಲಿಲ್ಲ. "ಗೊತ್ತಿತ್ತು ಕಣೇ. ಕೆಳಗೆ ಬರುವಾಗ ದಿನಾ ನಿನ್ನ ಮುಖ ಕಾಣತ್ತೆ. ಅವತ್ತು ಜಡೆ ಕಾಣ್ತು." ಆಮೇಲೆ ಅಂದ್ಲು, "ಮೇಡಂಗೂ ಹೇಳು. ಇಲ್ಲಾಂದ್ರೆ ನಾನು ಹತ್ತಲ್ಲ."

ಹೇಳ್ದೆ. ಮೇಡಂ ಬಿದ್ದದ್ದಕ್ಕಿಂತ ಡಿಲೀಟ್ ಮಾಡಿದ್ದಕ್ಕೆ ಜಾಸ್ತಿ ಬೈದ್ರು. "ಆ ವಿಡಿಯೋ ಇದ್ದಿದ್ರೆ ಏನು ಸರಿ ಮಾಡ್ಬೇಕು ಅಂತ ಅವತ್ತೇ ಗೊತ್ತಾಗ್ತಿತ್ತು" ಅಂದ್ರು.

4/4

ಆಮೇಲೆ ಎಸೆಯೋದನ್ನೇ ನಿಲ್ಲಿಸಿ ಹಿಡಿಯೋದನ್ನ ಕಲಿತ್ವಿ. ಮೂರು ವಾರ ಬರೀ ಅದೇ. ಮೊದಲು ಮೇಲೆ ಯಾರೂ ಇಲ್ಲದೆ ಎಣಿಕೆಗೆ ಸರಿಯಾಗಿ ಕುಗ್ಗಿ ಏಳೋದು. ಆಮೇಲೆ ಗುಬ್ಬಿ ಕೈ ಪೂರ್ತಿ ವಾಸಿಯಾದ ಮೇಲೆ, ಹೆಗಲ ಎತ್ತರಕ್ಕೆ ಮಾತ್ರ ಸಣ್ಣದಾಗಿ ಚಿಮ್ಮಿಸಿ ತೊಟ್ಟಿಲ ಹಾಗೆ ಹಿಡಿಯೋದು. ಅದಕ್ಕೆ ಕ್ರೇಡಲ್ ಅಂತಾರೆ. ಅವಳು ಸೊಂಟದಲ್ಲಿ ಮಡಿದು ಕೂತ ಹಾಗೆ ಬರ್ತಾಳೆ. ನಮ್ಮ ಒಂದು ಕೈ ಬೆನ್ನಿಗೆ, ಒಂದು ತೊಡೆ ಕೆಳಗೆ. ಅವಳು ಬಂದು ಬೀಳಲಿ ಅಂತ ಕಾಯಬಾರದು, ಕೈ ಮೇಲೆ ಚಾಚಿ ಅವಳನ್ನ ಮೇಲೇ ಮುಟ್ಟಬೇಕು, ಆಮೇಲೆ ಮಂಡಿ ಬಗ್ಗಿಸಿ ಭಾರ ಇಳಿಸ್ಕೋಬೇಕು. ಕೈ ಬಿಟ್ಟ ಕ್ಷಣದಿಂದ ಕಣ್ಣು ಅವಳ ಸೊಂಟದ ಮೇಲೇ.

ವಿಚಿತ್ರ ಅಂದ್ರೆ, ಎತ್ತರದ ಮಾತೇ ಆಡದ ಆ ಮೂರು ವಾರ ಆದ್ಮೇಲೆ ಎತ್ತರ ಬಂತು. ಕೆಳಗೆ ಮುಖ ಇರುತ್ತೆ ಅಂತ ಗೊತ್ತಾದ ಮೇಲೆ ಗುಬ್ಬಿ ಮೇಲೆ ಕಾಯೋಕೆ ಶುರು ಮಾಡಿದ್ಲು. ಫೋಟೋ ಹಿಂದೆ ಬಾಸ್ಕೆಟ್‌ಬಾಲ್ ರಿಂಗ್ ಕಾಣ್ತಿದ್ಯಲ್ಲ, ಅದು 3.05 ಮೀಟರ್. ಮುಂಚೆ ಅವಳ ಪಾದ ನೆಟ್‌ನ ತುದಿಗೂ ಬರ್ತಿರ್ಲಿಲ್ಲ, ಈಗ ರಿಂಗ್‌ಗೆ ಸಮ ಇದೆ. ಕ್ಯಾಮೆರಾ ಕೋನದ ಮೋಸ ಸ್ವಲ್ಪ ಇದೆ, ಒಪ್ಕೋತೀನಿ.

ಒಂಬತ್ತನೇ ಕ್ಲಾಸಿನ ಮೂವರು ಅಪಾರ್ಟ್‌ಮೆಂಟ್ ಟೆರೇಸಲ್ಲಿ ಟ್ರೈ ಮಾಡ್ತೀವಿ ಅಂತ ಮೆಸೇಜ್ ಹಾಕಿದ್ದೀರಲ್ಲ, ನಿಮಗೇ ಹೇಳ್ತಿರೋದು: ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ, ಇಂಥ ಸ್ಟಂಟ್ ಗಟ್ಟಿ ನೆಲ, ಒದ್ದೆ ನೆಲ, ಏರುಪೇರಿನ ನೆಲದ ಮೇಲೆ ಮಾಡ್ಲೇಬಾರದು ಅಂತ. ಮ್ಯಾಟ್ ಬೇಕು, ಕಲಿಸೋಕೆ ಗೊತ್ತಿರೋರು ಎದುರಿಗೇ ನಿಂತಿರಬೇಕು. ನಮ್ಮ ಮೇಡಂ ಹೊರಟ ಮೇಲೆ ಏನಾಯ್ತು ಅಂತ ಈಗಷ್ಟೇ ಓದಿದ್ರಿ.

ಹೋದ ವಾರ ಗುಬ್ಬಿ ಅಮ್ಮ ಮತ್ತೆ ಬಂದಿದ್ರು, ಪ್ರಾಕ್ಟೀಸ್ ನೋಡೋಕೆ. ಶುರು ಮಾಡೋಕೆ ಮುಂಚೆ ನಾನೇ ಹೋಗಿ "ಆಂಟಿ, ಅವತ್ತು ಕೇಳಿದ್ರಲ್ಲ, ಆ ಕಡೆಯೋಳು ನಾನೇ. ಹೆದರಿ ಮುಖ ತಿರುಗಿಸಿದ್ದೆ" ಅಂದೆ. ಅವರು ತುಂಬ ಹೊತ್ತು ನನ್ನನ್ನೇ ನೋಡಿದ್ರು. ಆಮೇಲೆ ಬ್ಯಾಗಿಂದ ಫೋನ್ ತೆಗೆದು, "ಇವತ್ತು ತಿರುಗಿಸ್ಬೇಡ. ಫೋಟೋ ತೆಗೀತೀನಿ" ಅಂದ್ರು.

ಮೇಲಿನ ಬಲ ಮೂಲೆಯಲ್ಲಿ ಮಸುಕಾಗಿ ಕಾಣೋದು ಅವರ ಬೆರಳು. ಕ್ರಾಪ್ ಮಾಡಿಲ್ಲ.