ಕ್ಯಾನ್ ಚೆಲ್ಲುವ ಮುಂಚೆ

ಕ್ಯಾಶ್ ಅಂದ್ರೆ ನಮ್ಮೂರಲ್ಲಿ ದುಡ್ಡು. ನನ್ನ ಕೆಲಸದಲ್ಲಿ ಅದರ ಅರ್ಥವೇ ಬೇರೆ. ಬೆಂಗಳೂರಿನ ಒಂದು ಆನ್‌ಲೈನ್ ಕಲಿಕೆಯ ಕಂಪನಿಯಲ್ಲಿ ನಾನು ಡೆವಲಪರ್. ಪಾಠವನ್ನು ಪ್ರತಿ ಸಲ ದೂರದ ಸರ್ವರ್‌ನಿಂದ ತರಿಸುವ ಬದಲು, ಒಂದು ಪ್ರತಿಯನ್ನು ಹತ್ತಿರದಲ್ಲೇ ಕೂಡಿಟ್ಟುಕೊಳ್ಳೋದಕ್ಕೆ ನಾವು ಕ್ಯಾಶ್ ಅಂತೀವಿ.

ಅಮ್ಮನಿಗೆ ಇದನ್ನು ಹೇಳೋದು ಸುಲಭವಾಯ್ತು. ನಾವು ಮಧುಗಿರಿಯವರು, ಅಕ್ಕನನ್ನು ಕೊಟ್ಟಿರೋದು ಪಾವಗಡ ತಾಲ್ಲೂಕಿಗೆ. ಅಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಕುಡಿಯೋ ನೀರನ್ನು ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್‌ನಲ್ಲಿ ತಂದಿಟ್ಟುಕೊಳ್ತಾರೆ. ಪ್ರತಿ ಲೋಟಕ್ಕೂ ಘಟಕದ ತನಕ ಹೋಗೋಕಾಗುತ್ತಾ? ಮನೆಯಲ್ಲಿರೋ ಆ ಕ್ಯಾನೇ ಕ್ಯಾಶ್. ನೀರು ಹಳೇದಾದರೆ ಚೆಲ್ಲಬೇಕು, ನಿಜ. ಆದರೆ ಚೆಲ್ಲುವ ಮುಂಚೆ ಹೊಸ ನೀರು ಸಿಗುತ್ತಾ ಅಂತ ನೋಡಬೇಕು.

ಅಪ್‌ಗ್ರೇಡ್ ಮಾಡುವಾಗ ಡೆವಲಪರ್‌ಗಳಿಗೆ ಸುಲಭದ ದಾರಿ ಅಂದ್ರೆ ಎಲ್ಲಾ ಕ್ಯಾಶ್ ಅಳಿಸಿಬಿಡೋದು. ಜಗತ್ತಿನ ತುಂಬಾ ಕಾಲೇಜುಗಳು ಬಳಸುವ ಮೂಡಲ್ ತಂತ್ರಾಂಶವನ್ನೇ ನೋಡಿ. 2002ರಲ್ಲಿ ಅದನ್ನು ಹೊರತಂದ ಮಾರ್ಟಿನ್ ಡೂಗಿಯಾಮಾಸ್, ಚಿಕ್ಕಂದಿನಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ರೇಡಿಯೋ ಮೂಲಕ ಪಾಠ ಕಲಿತವರು. 2012ರ ಡಿಸೆಂಬರ್‌ನಲ್ಲಿ ಬಂದ 2.4 ಆವೃತ್ತಿಯಲ್ಲಿ ಮೂಡಲ್‌ನ ಕ್ಯಾಶ್‌ಗೆಲ್ಲ ಒಂದೇ ವ್ಯವಸ್ಥೆ ಬಂತು. ಅಪ್‌ಗ್ರೇಡ್ ಆದಾಗ ಅದು ಖಾಲಿಯಾಗುತ್ತೆ, ಮೊದಲು ಬಂದವರಿಗೆ ಸ್ವಲ್ಪ ನಿಧಾನ ಅನ್ಸುತ್ತೆ, ಆಮೇಲೆ ಸರ್ವರ್ ತಾನೇ ತುಂಬಿಕೊಳ್ಳುತ್ತೆ. ಅಲ್ಲಿ ತೊಂದರೆಯಿಲ್ಲ.

ಫೋನಿನಲ್ಲಿ ಕೂಡಿಟ್ಟ ಪಾಠದ ಕಥೆ ಹಾಗಲ್ಲ. ಅದನ್ನು ಮತ್ತೆ ತುಂಬೋ ಖರ್ಚು ಓದುವ ಮಗುವಿನದು. ಒಂದು ಜನವರಿಯಲ್ಲಿ ನಮ್ಮ ಆ್ಯಪ್ ಅಪ್‌ಗ್ರೇಡ್ ಆದ ರಾತ್ರಿ, ಹತ್ತನೇ ಕ್ಲಾಸಿನಲ್ಲಿದ್ದ ಅಕ್ಕನ ಮಗಳು ಮೆಸೇಜ್ ಮಾಡಿದಳು: "ಚಿಕ್ಕಮ್ಮ, ಡೌನ್‌ಲೋಡ್ ಮಾಡಿದ್ದ ಗಣಿತ ಎಲ್ಲಾ ಹೋಗಿದೆ."

ನಲವತ್ತು ವಿಡಿಯೋ, ಒಂದೊಂದು ಸುಮಾರು 50 ಎಂಬಿ. ಅಂದ್ರೆ 2 ಜಿಬಿ. ಅವಳ ಅಪ್ಪನ ಫೋನಿಗಿರೋದು ದಿನಕ್ಕೆ 1.5 ಜಿಬಿ, ಆ ಫೋನೂ ಹಗಲೆಲ್ಲ ಅವರ ಜೊತೆ ಹೊಲದಲ್ಲಿ.

"ಎರಡು ನಿಮಿಷದ ಕೆಲಸ, ಮತ್ತೆ ಡೌನ್‌ಲೋಡ್ ಮಾಡ್ಕೋತಾರೆ ಬಿಡಿ" ಅಂದರು ಮೀಟಿಂಗ್‌ನಲ್ಲಿ ಒಬ್ಬರು. ಆಫೀಸಿನ ವೈಫೈಯಲ್ಲಿ ಅದು ಸರಿಯೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅಲ್ಲಿನ ಎಷ್ಟೋ ಹಳ್ಳಿ ಮನೆಗಳಲ್ಲಿ ಫೋನು ಒಂದೇ, ಓದೋರು ಇಬ್ಬರು ಮೂವರು. ಎಸ್ಸೆಸ್ಸೆಲ್ಸಿಗೆ ಎರಡು ತಿಂಗಳಿರುವಾಗ ನಾಲ್ಕು ದಿನ ಹೋದರೂ ಹೋದದ್ದೇ ಅಂತ ಹೇಳಿದೆ.

ಹಾಗಂತ ಹಳೇದನ್ನೇ ಇಟ್ಟುಕೊಳ್ಳಿ ಅನ್ನೋಕೂ ಆಗಲ್ಲ. ತಪ್ಪು ಉತ್ತರ ತಿದ್ದಿದ ಮೇಲೆ ಅದು ಮಕ್ಕಳಿಗೆ ತಲುಪಲೇಬೇಕಲ್ಲ. ಈಗ ನಮ್ಮಲ್ಲಿ ಪ್ರತಿ ಪಾಠಕ್ಕೂ ಒಂದು ಆವೃತ್ತಿ ಸಂಖ್ಯೆ ಇದೆ. ಬದಲಾದ ಪಾಠ ಮಾತ್ರ ಹೊಸದಾಗಿ ಇಳಿಯುತ್ತೆ. ಹೊಸದು ಪೂರ್ತಿ ಬರೋವರೆಗೂ ಹಳೇದು ಅಳಿಸಲ್ಲ. ಜನವರಿಯಿಂದ ಪರೀಕ್ಷೆ ಮುಗಿಯೋವರೆಗೆ ಭದ್ರತೆಯ ತುರ್ತು ಬಿಟ್ಟರೆ ದೊಡ್ಡ ಅಪ್‌ಗ್ರೇಡ್ ಇಲ್ಲ. ಇದಕ್ಕೆ ನಮಗೆ ಮೂರು ವಾರ ಹೆಚ್ಚು ಕೆಲಸ ಬಿತ್ತು, ಅಷ್ಟೇ.

ನಿಮಗೊಂದು ಮಾತು. ಊರಿಗೆ ಹೋದಾಗ "ಫೋನು ಸ್ಲೋ ಆಗಿದೆ" ಅಂತ ಮನೆಯವರು ಕೊಟ್ಟರೆ, ಕ್ಲಿಯರ್ ಕ್ಯಾಶ್ ಒತ್ತಿದರೆ ಸಾಮಾನ್ಯವಾಗಿ ತಾತ್ಕಾಲಿಕ ಫೈಲುಗಳಷ್ಟೇ ಹೋಗುತ್ತವೆ. ಕ್ಲಿಯರ್ ಸ್ಟೋರೇಜ್ ಒತ್ತಿದರೆ ಲಾಗಿನ್ ಜೊತೆಗೆ ಇಳಿಸಿಟ್ಟ ಪಾಠವೂ ಹೋಗಬಹುದು. ಒತ್ತುವ ಮುಂಚೆ ಆ ಫೋನಲ್ಲಿ ಓದೋ ಮಗುವನ್ನು ಒಂದು ಮಾತು ಕೇಳಿ.